ಬಿಸಿಲು ಕಂಡ ಚರ್ಮ

"ಈ ಚರ್ಮ ಕೂಸಿಂದಲ್ಲ," ಎಂದೆ.

ಸಬ್ ಇನ್‌ಸ್ಪೆಕ್ಟರ್ ಮಹಾಂತೇಶ ಚಹಾದ ಕಪ್ಪನ್ನು ಬಾಯಿಯ ಹತ್ತಿರ ಒಯ್ದವನು ಅಲ್ಲೇ ನಿಲ್ಲಿಸಿದ. "ಏನಂದ್ರಿ ಅಕ್ಕಾರ?"

"ಕಿವಿ ಕೇಳಸೂದಿಲ್ಲೇನು? ಈ ಸ್ಲೈಡಿನ್ಯಾಗ ಇರೂ ಚರ್ಮ ಎರಡು ತಿಂಗಳ ಕೂಸಿಂದಲ್ಲ. ಮುದುಕಂದು."

ಅವನು ಕಪ್ಪನ್ನು ತಂದು ನನ್ನ ರಿಪೋರ್ಟುಗಳ ಮೇಲೆ ಇಟ್ಟ. ನನಗೆ ಸಿಟ್ಟು ಬಂತು. ಎತ್ತಿ ಕಿಟಕಿಯಲ್ಲಿಟ್ಟೆ. ನನ್ನ ತಮ್ಮ ಫಾರೂಕನ ಜೊತೆ ಶಾಲೆ ಕಲಿತ ಹುಡುಗ. ಖಾಕಿ ತೊಟ್ಟು ಊರನ್ನೆಲ್ಲ ಹೆದರಿಸಲಿ, ನನ್ನ ಲ್ಯಾಬಿನ ಹೊಸಿಲು ದಾಟಿದರೆ ಅವನು ಫಾರೂಕನ ಗೆಳೆಯ, ಅಷ್ಟೇ.

ಸಂಗತಿ ಇಷ್ಟು: ಹುನಗುಂದ ಕಡೆಯ ಲಗಮವ್ವ ತನ್ನ ಎರಡು ತಿಂಗಳ ಮಗನ ಸೊಂಟಕ್ಕೂ ಕಾಲಿಗೂ ಕಾದ ಕಬ್ಬಿಣದ ಬರೆ ಹಾಕಿದಳೆಂದು ಪೊಲೀಸರು ಅವಳನ್ನು ಹಿಡಿದಿದ್ದರು. ಗಾಯದಿಂದ ಕತ್ತರಿಸಿದ ತುಣುಕನ್ನು ಬಾಗಲಕೋಟೆಯ ಒಂದು ಖಾಸಗಿ ಲ್ಯಾಬಿನವರು ನೋಡಿ "ಸುಟ್ಟ ಗಾಯ" ಎಂದು ಬರೆದುಕೊಟ್ಟಿದ್ದರು. ಆ ಸ್ಲೈಡೇ ಈಗ ನನ್ನ ಮೈಕ್ರೋಸ್ಕೋಪಿನ ಕೆಳಗಿತ್ತು.

ಮಹಾಂತೇಶನಿಗೆ ಮನಸ್ಸು ಒಪ್ಪಿರಲಿಲ್ಲ. ಅದಕ್ಕೇ ಕೋರ್ಟಿಗೆ ಹೋಗುವ ದಾರಿಯಲ್ಲಿ ಜೀಪನ್ನು ನವನಗರದ ಈ ಗಲ್ಲಿಗೆ ತಿರುಗಿಸಿ, ಆಪಾದಿತೆಯನ್ನೂ ಸ್ಲೈಡನ್ನೂ ನನ್ನ ಮುಂದೆ ತಂದು ಕೂರಿಸಿದ್ದ. ಸಂಜೆ ಕೋರ್ಟು ಏಳುವುದರೊಳಗೆ ಅವಳನ್ನು ಹಾಜರುಪಡಿಸಬೇಕು. ಈ ರಿಪೋರ್ಟು ಹಾಗೇ ಹೋದರೆ ಅವಳು ಜೈಲಿಗೆ, ಮಕ್ಕಳ ಆಶ್ರಮಕ್ಕೆ ಒಯ್ದಿಟ್ಟ ಕೂಸು ಅಲ್ಲೇ ಕಾಯಂ.

ಲಗಮವ್ವ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಹಿಳಾ ಪೇದೆ. ಲಗಮವ್ವನ ತವರು ಶಿರೂರು, ವಯಸ್ಸು ಇಪ್ಪತ್ತೆರಡು ಇರಬಹುದು. ಬಂದಾಗಿನಿಂದ ತುಟಿ ಎರಡು ಮಾಡಿರಲಿಲ್ಲ. ಸೆರಗನ್ನು ಎದೆಯ ಮೇಲೆ ಎರಡು ಮಡಿಕೆ ಮಾಡಿ ಒತ್ತಿ ಹಿಡಿದಿದ್ದಳು. ಆದರೂ ಕುಪ್ಪಸದ ಮುಂಭಾಗ ನೆನೆದದ್ದು ಕಾಣುತ್ತಿತ್ತು. ಕೂಸನ್ನು ಕಸಿದುಕೊಂಡು ಹೋಗಿದ್ದರು, ಹಾಲಿಗೆ ಅದೆಲ್ಲಿ ಗೊತ್ತು?

"ಮುದುಕಂದಂತ ಹ್ಯಾಂಗ ಹೇಳ್ತೀರಿ?" ಮಹಾಂತೇಶ ಕೇಳಿದ.

"ಬಾ ಇಲ್ಲಿ. ಒಂದ ಕಣ್ಣ ಮುಚ್ಚಿ ನೋಡು."

ಬಗ್ಗಿ ನೋಡಿದ. "ಕೆಂಪು, ನೀಲಿ ಕಾಣತೈತ್ರಿ. ಇಳಕಲ್ ಸೀರಿ ಅಂಚು ನೋಡಿದಂಗಾತು."

"ಸೀರಿ ಆಮ್ಯಾಲೆ ನೋಡುವಂತಿ, ಹೇಣ್ತಿ ಬಂದ ಮ್ಯಾಲೆ. ಮ್ಯಾಲಿನ ಪದರ ಸುಟ್ಟೈತಿ, ಅದು ಖರೆ. ಅದರ ಕೆಳಗ ನೋಡು, ನೀಲಿ ಮುದ್ದಿ ಮುದ್ದಿ ಐತಿಲ್ಲ? ಅವು ಚರ್ಮ ಹಿಗ್ಗಿ ಕುಗ್ಗಾಕ ಇರೂ ಎಳಿ. ಬಿಸಿಲ ಬಡದು ಬಡದು ಹಂಗ ಮುದ್ದಿ ಆಗತಾವ. ಒಂದ ಬ್ಯಾಸಗಿಗೆ ಆಗೂದಲ್ಲ ಅದು. ಹೊಲದಾಗ ಅಂಗಿ ತೋಳ ಮಡಿಚಿ ಜೀವಮಾನ ದುಡದವ್ರ ಕೈ ಹಿಂಗಿರತೈತಿ."

ಮಹಾಂತೇಶ ತಲೆ ಎತ್ತಿದ. "ಕೂಸು ಇನ್ನೂ ಬಾಣಂತಿ ಖೋಲಿ ಬಿಟ್ಟು ಹೊರಗ ಬಂದಿದ್ದಿಲ್ಲ."

"ಹೂಂ. ಹಂಗಾದ್ರ ಇಷ್ಟು ಬಿಸಿಲು ಎಲ್ಲಿ ಕಂಡೀತಪಾ?"

ಅವನು ಮೂಲೆಯತ್ತ ನೋಡಿದ. ಲಗಮವ್ವ ಕತ್ತೆತ್ತಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಆಸೆಪಡುವುದಕ್ಕೂ ಹೆದರುವ ಕಣ್ಣು.

ಸ್ಲೈಡಿನ ತುದಿಯಲ್ಲಿ ಪೆನ್ಸಿಲ್ಲಿನಿಂದ ಬರೆದದ್ದು ಒಂದೇ ಪದ: ಹುಸೇನ. ಆ ಲ್ಯಾಬಿನಲ್ಲಿ ತುಣುಕುಗಳನ್ನು ತಯಾರು ಮಾಡುವವನು ಅಫ್ಸರ. ನನ್ನ ಹತ್ತಿರವೇ ಕೆಲಸ ಕಲಿತು, ಎರಡು ಕಾಸು ಹೆಚ್ಚು ಸಿಗುತ್ತದೆಂದು ಅಲ್ಲಿಗೆ ಹಾರಿದವನು. ಫೋನು ಹಚ್ಚಿದೆ.

"ಲೇ ಅಫ್ಸರ, ಹುಸೇನ ಅನ್ನೂ ಹೆಸರಿಂದು ನಿಮ್ಮಲ್ಲಿ ಎಷ್ಟ ಚರ್ಮ ಬಂದಿದ್ವು?"

ಆ ಕಡೆ ರಜಿಸ್ಟರಿನ ಹಾಳೆ ತಿರುವುವ ಸಪ್ಪಳ.

"ಬಾಯಾಗೇನು ಭಜಿ ಐತೇನು? ಹೇಳು."

"ಎರಡು ಬಂದಿದ್ವು ಆಪಾ. ಯಾಕ್ರಿ?"

"ಎರಡನೇ ಸ್ಲೈಡ ತಗೊಂಡು ಈಗಿಂದೀಗ ಇಲ್ಲಿ ಬಾ. ಚಪ್ಪಲಿ ಹಾಕ್ಕೊಳ್ಳಾಕೂ ನಿಂದ್ರಬ್ಯಾಡ."

ಬೈಕಿನಲ್ಲಿ ಬಂದ. ಬೆವೆತು ನೀರಾಗಿದ್ದ. ಸ್ಲೈಡಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟವನು ಮಹಾಂತೇಶನ ಖಾಕಿ ನೋಡಿ ಬಾಗಿಲಿಗೆ ಅಂಟಿಕೊಂಡ.

"ಎರಡೂ ಒಂದ ದಿನ ಬಂದಿದ್ವು," ಎಂದ. "ಒಂದು ಕಲಾದಗಿ ಅಜ್ಜಂದು. ಬಣವಿಗಿ ಬೆಂಕಿ ಬಿದ್ದಾಗ ತೋಳ ಸುಟ್ಕೊಂಡಿದ್ದ, ಗಾಯ ಮಾಯವಲ್ದಂತ ಕಳಿಸಿದ್ರು. ಇನ್ನೊಂದು ಈ ಕೂಸಿಂದು. ಒಂದ ಬಾಟ್ಲಿ ಮ್ಯಾಲೆ ಹುಸೇನಪೀರ ಅಂತಿತ್ತು, ಇನ್ನೊಂದರ ಮ್ಯಾಲೆ ಹುಸೇನಪ್ಪ."

"ಕೂಸು ಯಾವುದು, ಅಜ್ಜ ಯಾವುದು?"

"ಹುಸೇನಪ್ಪ ಅಜ್ಜರಿ. ಹುಸೇನಪೀರ ಕೂಸು."

ಮೂಲೆಯಿಂದ ಸಣ್ಣ ದನಿ ಬಂತು. "ನನ್ನ ಮಗ ಹುಸೇನಪ್ಪರಿ."

ಲಗಮವ್ವ ಮೊದಲ ಸಲ ಮಾತಾಡಿದ್ದಳು.

ಗಂಡು ಹುಟ್ಟಿದರೆ ನಿನ್ನ ಹೆಸರಿಡುತ್ತೇನೆ ಎಂದು ಅವಳು ಮೊಹರಮ್ಮಿನಲ್ಲಿ ಹುಸೇನರ ಕೈಯಾಕಾರದ ಪಂಜಾದ ಮುಂದೆ ಬೇಡಿಕೊಂಡಿದ್ದಳಂತೆ. ಹುಟ್ಟಿತು, ಇಟ್ಟಳು. ಬೀರಪ್ಪ ದೇವರ ಒಕ್ಕಲಿನ ಮನೆಯಲ್ಲಿ ಹುಸೇನಪ್ಪ ಇರುವುದು ನಮ್ಮ ಕಡೆ ದೊಡ್ಡ ಸುದ್ದಿಯೇನಲ್ಲ. ನನ್ನ ಜೊತೆ ಓದಿದವರಲ್ಲೇ ಇಬ್ಬರು ಫಕೀರಪ್ಪಂದಿರು ಇದ್ದರು.

"ಯಾ ಅಲ್ಲಾ," ಅಫ್ಸರ ಹಣೆ ಹಿಡಿದುಕೊಂಡ. "ಆಪಾ, ನಮ್ಮ ಅಮ್ಮಿ ತವರಮನಿ ಕಲಾದಗಿ. ಆ ಹುಸೇನಪೀರ ಅಜ್ಜಗ ಊರೆಲ್ಲಾ ಹುಸೇನಪ್ಪ ಅಂತೈತಿ. ನಾನೂ ಸಣ್ಣಾಂವಿದ್ದಾಗಿಂದ ಹಂಗ ಕರದೀನಿ. ಬಾಟ್ಲಿ ಮ್ಯಾಲೆ ಹುಸೇನಪ್ಪ ಅಂತ ಕಂಡಕೂಡ್ಲೆ ನಮ್ಮ ಅಜ್ಜನ ಅಂದ್ಕೊಂಡೆ. ಇನ್ನೊಂದು ಹರಕಿ ಕೂಸು ಅಂದಿದ್ರು, ಪೀರರ ಹೆಸರ ಇಟ್ಟಾರಂತ..."

ಹೊರಗಿನವನಾಗಿದ್ದರೆ ಬಾಟಲಿಯ ಮೇಲೆ ಏನಿದೆಯೋ ಅದನ್ನು ಕಣ್ಣುಮುಚ್ಚಿ ಬರೆದುಕೊಳ್ಳುತ್ತಿದ್ದ. ಇವನಿಗೆ ಊರು ಗೊತ್ತಿತ್ತು, ಅಜ್ಜ ಗೊತ್ತಿದ್ದ, ಹರಕೆ ಗೊತ್ತಿತ್ತು. ಎಲ್ಲ ಗೊತ್ತಿದ್ದವನೇ ಎಡವಿದ್ದ. ಅವನಿಗೆ ಎರಡು ಬಿಗಿಯಬೇಕೆನಿಸಿತು. ಬಿಗಿಯಲಿಲ್ಲ, ಬೈದೆ. ಬೈದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

"ಅಜ್ಜನ ರಿಪೋರ್ಟಿನ್ಯಾಗ ಏನಂತ ಬರದೀರಿ?" ಮಹಾಂತೇಶ ಕೇಳಿದ.

"ಹುಟ್ಟು ಚರ್ಮರೋಗ ಅಂತರಿ. ಒಯ್ಯಾಕ ಯಾರೂ ಬರಲಿಲ್ಲ. ಅಷ್ಟ್ರಾಗ ಅಜ್ಜನ ತೋಳ ಮಾದಿತ್ತು."

ಎರಡನೇ ಸ್ಲೈಡನ್ನು ಇಟ್ಟು ಕಣ್ಣು ಹಚ್ಚಿದೆ. ಆಮೇಲೆ ಸ್ವಲ್ಪ ಹೊತ್ತು ಯಾರ ಮಾತೂ ನನಗೆ ಕೇಳಲಿಲ್ಲ.

ಎಳೆಯ ಚರ್ಮ. ಕೆಳಗೆಲ್ಲ ಸ್ವಚ್ಛ, ಬಿಸಿಲಿನ ಗುರುತು ಒಂದಿಲ್ಲ. ಮೇಲೆ ಮಾತ್ರ ಹುರುಪೆ ಪದರು ಪದರಾಗಿ ದಪ್ಪ ಕಟ್ಟಿತ್ತು. ಅದರ ಕೆಳಗಿನ ಕೋಶಗಳು ಹುರಿದ ಚುರುಮುರಿಯಂತೆ ಉಬ್ಬಿ, ಒಳಗೆ ಟೊಳ್ಳಾಗಿ, ಅಲ್ಲಲ್ಲಿ ಒಡೆದು ಹೋಗಿದ್ದವು. ಆ ಮಟ್ಟದಲ್ಲಿ ಸಣ್ಣ ಸಣ್ಣ ಕಪ್ಪು ಕಣಗಳು ಚದುರಿರಬೇಕು. ಇಲ್ಲಿ ಅವೆಲ್ಲ ಒಂದಕ್ಕೊಂದು ಮೆತ್ತಿಕೊಂಡು ಗಂಟುಗಂಟಾಗಿದ್ದವು. ಎಲ್ಲಕ್ಕಿಂತ ಕೆಳಗಿನ ಸಾಲಿನ ಕೋಶಗಳು ಏನೂ ಆಗದವರ ಹಾಗೆ ತಣ್ಣಗೆ ನಿಂತಿದ್ದವು.

"ಸುಟ್ಟೈತೇನ್ರಿ?" ಮಹಾಂತೇಶನಿಗೆ ತಡೆಯಲಾಗಲಿಲ್ಲ.

"ಇಲ್ಲ. ಬೆಂಕಿ ಮ್ಯಾಲಿಂದ ಬರತೈತಿ ತಮ್ಮಾ, ಇದು ಒಳಗಿಂದ ಬಂದೈತಿ."

ಹುರುಪೆ ಏಳುವ ಹುಟ್ಟುರೋಗಗಳಲ್ಲಿ ಹಲವು ಜಾತಿ. ಇಕ್ಥಿಯೋಸಿಸ್ ಎನ್ನುತ್ತೇವೆ. ಕೆಲವದರಲ್ಲಿ ಆ ಕಣಗಳ ಪದರೇ ಇರುವುದಿಲ್ಲ, ಕೆಲವದರಲ್ಲಿ ಇರಬೇಕಾದದ್ದಕ್ಕಿಂತ ದಪ್ಪ ಇರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಣಗಿದ ಮೀನು. ಕತ್ತರಿಸಿ ನೋಡಿದಾಗಲೇ ಯಾವುದು ಯಾವುದೆಂದು ಗೊತ್ತಾಗುವುದು. ಕಣಗಳು ಗಂಟಾಗಿ ಕೋಶಗಳು ಒಡೆಯುವ ಈ ಜಾತಿಯಲ್ಲಿ ಚರ್ಮಕ್ಕೆ ಗಟ್ಟಿತನವೇ ಇಲ್ಲ. ಸ್ವಲ್ಪ ತಿಕ್ಕಿದರೆ ಸಾಕು, ಬೊಕ್ಕೆ ಎದ್ದು ಕಿತ್ತು ಬರುತ್ತದೆ.

"ಲಗಮವ್ವ, ಕೂಸು ಹುಟ್ಟಿದಾಗ ಮೈ ಹ್ಯಾಂಗಿತ್ತವಾ?"

"ಕೆಂಪಗಿತ್ತರಿ. ಸಿಪ್ಪಿ ಏಳತಿತ್ತು. ದವಾಖಾನ್ಯಾಗ ತಾನ ಹೋಗತೈತಿ ಅಂತ ಕಳಿಸಿದ್ರು."

"ಸೊಂಟದ ಗಾಯ ಯಾವಾಗ ಆತು?"

"ತೊಟ್ಟಲಕ್ಕ ಹಾಕಿದ ಮ್ಯಾಲೆ. ಉಡದಾರ ಕಟ್ಟಿದ್ವಿ, ಕಾಲಿಗಿ ಕರಿದಾರ ಕಟ್ಟಿದ್ವಿ. ಮರದಿನ ನೋಡ್ತೇನಿ, ದಾರ ಹಾದಲ್ಲೆಲ್ಲಾ..." ಬೆರಳಿನಿಂದ ತನ್ನ ಸೊಂಟದ ಸುತ್ತ ಗೆರೆ ಎಳೆದು ತೋರಿಸಿದಳು. "ನಾ ಹಾಕಿಲ್ಲರಿ ಬಾಯಾರ. ನನ್ನ ಎದಿಹಾಲಿನಾಣಿ, ನಾ ಏನೂ ಮಾಡಿಲ್ಲ."

"ಗೊತ್ತೈತಿ ನನ್ನವ್ವ. ಈಗ ನನಗ ಗೊತ್ತೈತಿ."

ಮಹಾಂತೇಶ ಕುರ್ಚಿಗೆ ಒರಗಿದ. ಬಿಡುಗಡೆಯ ಉಸಿರು ಎಂದುಕೊಂಡೆ, ಅಲ್ಲ. ತಲೆ ಕೆರೆದುಕೊಂಡ.

"ಅಕ್ಕಾರ, ಇಷ್ಟಕ್ಕ ಮುಗಿಯೂದಿಲ್ಲ. ಬಾಟ್ಲಿ ಅದಲಿಬದಲಿ ಆಗ್ಯಾವ ಅಂದ್ರ, ಈ ಎರಡನೇದರ ಕೂಸಿಂದ ಅನ್ನಾಕ ಏನ ಗ್ಯಾರಂಟಿ ಅಂತಾರ ಸರ್ಕಾರಿ ವಕೀಲ್ರು. ವಂಶದ ರೋಗ ಅಂದ್ರ ವಂಶದಾಗ ಯಾರಿಗಾರ ಇರಬೇಕಲ್ಲ? ನಮ್ಮ ಮನ್ಯಾಗ ಏಳು ತಲಿಯಿಂದ ಯಾರಿಗೂ ಚರ್ಮದ ರೋಗ ಇಲ್ಲಂತ ಈಕಿ ಅತ್ತಿ ಬರಸ್ಯಾಳ. ಮ್ಯಾಲಾಗಿ ಬರಿ ಅಂತ ನರ್ಸಿಗಿ ಮೊದಲ ಹೇಳಿದಾಕಿನೂ ಆಕಿನ."

"ಏನಂತ ಹೇಳ್ಯಾಳ? ಆಕಿ ಬಾಯಿಂದ ಬಂದ ಮಾತು ಹೇಳು."

"ನರ್ಸು ಹೇಳಿದ್ದು, ಕೂಸಿನ ಮೈಮ್ಯಾಲೆ ಬರಿ ಬಂದಾವ ಅಂತ ಮುದುಕಿ ಅಂದ್ಲಂತ. ನರ್ಸು ಗಾಬರಿಯಾಗಿ ನಮಗ ಫೋನ್ ಹಚ್ಚಿದ್ಲು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನಮ್ಮ ಪೊಲೀಸರು. ನಾನು ಮುದುಕಿಯ ಮಾತನ್ನು ನಾಲಿಗೆಯ ಮೇಲೆ ಎರಡು ಸಲ ಹೊರಳಿಸಿದೆ. ಬರಿ ಬಂದಾವ. ಬಂದಾವ.

"ಎಲ್ಲದಾಳ ಆಕಿ?"

"ಹೊರಗ ಜೀಪಿನ ಹತ್ರ. ಮಗನೂ ಅದಾನ. ಕೂಸಿನ ತಮಗ ಕೊಡ್ರಿ ಅಂತ ಕೋರ್ಟಿಗಿ ಅರ್ಜಿ ಕೊಡಾಕ ಬಂದಾರ."

"ಕರಿ ಇಬ್ಬರನೂ. ಅಫ್ಸರ, ನೀ ಒಳಗಿನ ಖೋಲ್ಯಾಗ ಕುಂದ್ರು. ಉಸುರು ಬಿಟ್ಟೀ ಅಂದ್ರ ನೋಡು."

ಅತ್ತೆ ಸಾವಿತ್ರೆವ್ವ ಒಳಗೆ ಬಂದಳು. ಎತ್ತರದ ಆಳು, ಹಣೆಯ ತುಂಬ ಭಂಡಾರ. ಬಂದವಳೇ ಸೊಸೆ ಕೂತಿದ್ದ ಮೂಲೆಯನ್ನು ನೋಡದೆ ಫ್ಯಾನಿನ ಕೆಳಗಿನ ಕುರ್ಚಿ ಹಿಡಿದಳು. ಹಿಂದೆ ಮಗ ಕಾಳಪ್ಪ. ಅಮೀನಗಡದ ಸಂತೆಗೆ ಕುರಿ ಸಾಗಿಸುವ ಗಾಡಿ ಓಡಿಸುವವನು. ಕುತ್ತಿಗೆಯವರೆಗೂ ಗುಂಡಿ ಹಾಕಿದ ತುಂಬುತೋಳಿನ ಅಂಗಿ. ಆ ಸೆಕೆಯಲ್ಲಿ ನೋಡಿದವರಿಗೇ ಉಸಿರು ಕಟ್ಟಬೇಕು. ಅವನೂ ಹೆಂಡತಿಯನ್ನು ನೋಡಲಿಲ್ಲ.

ಎರಡು ಹೆಜ್ಜೆಯ ಖೋಲಿಯಲ್ಲಿ ಆರು ಜನ. ಧೂಳು ಬರುತ್ತದೆಂದು ಕಿಟಕಿಯ ಗಾಜು ಹಾಕಿದ್ದೆ. ಪೇದೆ ಬಾಗಿಲನ್ನೂ ಹಾಕಿ ಅಗುಳಿ ಜಡಿದಳು. ಅದೇ ಹೊತ್ತಿಗೆ ಕರೆಂಟು ಹೋಯಿತು, ಫ್ಯಾನು ನಿಂತಿತು.

"ಸಾವಿತ್ರೆವ್ವ, ನರ್ಸಿಗಿ ಏನಂದ್ರಿ?"

"ಇದ್ದದ್ದ ಅಂದೇನಿ. ಕೂಸಿನ ಮೈಮ್ಯಾಲೆ ಬರಿ ಅದಾವ ಅಂದೆ."

"ಬರಿ ಹಾಕ್ಯಾಳ ಅಂದ್ರೋ, ಬರಿ ಬಂದಾವ ಅಂದ್ರೋ?"

"ಎಲ್ಲಾ ಒಂದರಿ."

"ಒಂದಲ್ಲ. ಕಬ್ಬಿಣದ ಬರಿ ಹಾಕತಾರ. ಕೊಡತಾರ. ಎಳೀತಾರ. ತಾವ ನಡಕೊಂತ ಬರೂದಿಲ್ಲ. ನೀವು ಬಂದಾವ ಅಂದ್ರಿ. ನೋಡಿದ ಕೂಡ್ಲೆ ನಿಮಗ ಗುರುತು ಸಿಕ್ಕಿತ್ತು. ಮೊದಲ ಯಾರಿಗಿ ಬಂದಿದ್ವು?"

ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಗಟ್ಟಿ ಹೆಂಗಸು. ಕದಲಿದ್ದು ಮಗ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಕಾಳಪ್ಪನ ಬಲಗೈ ತಾನೇ ತಾನಾಗಿ ಎಡ ಪಕ್ಕೆಯ ಮೇಲೆ ಹೋಗಿ ಕೂತಿತ್ತು.

"ಅಂಗಿ ಬಿಚ್ಚಪಾ ಕಾಳಪ್ಪ."

ಸಾವಿತ್ರೆವ್ವ ಎದ್ದು ಮಗನಿಗೆ ಅಡ್ಡ ನಿಂತಳು. "ಗಂಡಸಿನ ಅಂಗಿ ಬಿಚ್ಚಸಾಕ ನಿಮಗ ನಾಚಿಕಿ ಬರೂದಿಲ್ಲೇನು? ಹೆಂಗಸು ಅದೀರೋ, ಏನದೀರಿ?"

"ನಾ ಡಾಕ್ಟರ್ ಅದೀನಿ. ಹೆಣದ ಅಂಗಿನೂ ಬಿಚ್ಚಸೇನಿ. ಸರೀರಿ ಆಕಡಿ."

"ಸರಿಯೂದಿಲ್ಲ. ನಡಿ ಕಾಳ್ಯಾ, ಹೊರಗ ನಡಿ." ಬಾಗಿಲಿಗೆ ಹೋದಳು. ಪೇದೆ ಅಗುಳಿಯ ಮೇಲೆ ಕೈಯಿಟ್ಟು ನಿಂತಳು. ಮಹಾಂತೇಶ ಅಲುಗಾಡಲಿಲ್ಲ.

"ಸಾವಿತ್ರೆವ್ವ," ಎಂದೆ. ಸಿಟ್ಟನ್ನು ಹಲ್ಲಿನೊಳಗೆ ಹಿಡಿದಿದ್ದೆ. "ಅಂಗಿ ಬಿಚ್ಚಿದ್ರ ನಿಮ್ಮ ಸೊಸಿ ಮನಿಗಿ ಬರತಾಳ. ಬಿಚ್ಚಲಿಲ್ಲಂದ್ರ ಜೈಲಿಗಿ ಹೋಗತಾಳ. ಮಾಡದ ತಪ್ಪಿಗಿ. ನಿಮಗ ಗೊತ್ತೈತಿ ಆಕಿ ಮಾಡಿಲ್ಲಂತ."

"ಹೋಗ್ಲಿ."

"ಏನಂದ್ರಿ?"

"ಹೋಗ್ಲಿ ಅಂದೆ. ಆಕಿ ಹ್ವಾದ್ರ ಇನ್ನೊಬ್ಬಾಕಿ ಬರತಾಳ. ಮನಿತನದ ಹೆಸರು ಹ್ವಾದ್ರ ಇನ್ನೊಂದ ಬರತೈತೇನ್ರಿ? ನನಗ ಇನ್ನೂ ಒಬ್ಬ ಮಗಳದಾಳ ಲಗ್ನಕ್ಕ."

ತೋಬಾ ತೋಬಾ! ನಾನು ಬಹಳ ರೀತಿಯ ಮಂದಿಯನ್ನು ನೋಡಿದ್ದೇನೆ. ಕ್ಯಾನ್ಸರು ಇಲ್ಲ ಎಂದು ಬರೆದುಕೊಡಿ ಎಂದು ಕಾಲು ಹಿಡಿದವರನ್ನೂ, ಇದೆ ಎಂದು ಬರೆದುಕೊಡಿ ಎಂದವರನ್ನೂ. ಇಷ್ಟು ತ್ರಾಸಿಲ್ಲದೆ ಇನ್ನೊಬ್ಬರ ಜೀವವನ್ನು ಪಕ್ಕಕ್ಕಿಟ್ಟವರನ್ನು ನೋಡಿರಲಿಲ್ಲ. ಮೂಲೆಯಲ್ಲಿ ಲಗಮವ್ವ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಸ್ಟೂಲಿನ ಹಿಂದೆ ಜಾಗ ಇರಲಿಲ್ಲ.

"ಅವ್ವಾ, ಆಕಡಿ ಸರಿ," ಎಂದ ಕಾಳಪ್ಪ.

ಮೆಲ್ಲಗೆ ಅಂದಿದ್ದ. ಆದರೂ ಅವಳು ಬೆಚ್ಚಿದಳು. ಅವನು ಆ ಮಾತು ಅನ್ನುವುದನ್ನು ಎಂದೂ ಕೇಳಿರಲಿಲ್ಲವೇನೋ. ಅವನು ಒಂದೊಂದೇ ಗುಂಡಿ ಬಿಚ್ಚಿದ. ಒಳಗೆ ಬನಿಯನ್ನು. ಅದನ್ನೂ ತೆಗೆದ.

ಎಡ ಬಗಲಿನಿಂದ ಶುರುವಾಗಿ, ಪಕ್ಕೆಯ ಮೇಲೆ ಬಾಗಿ, ಸೊಂಟದವರೆಗೆ ಇಳಿದಿದ್ದವು. ಕಂದು ಬಣ್ಣದ ಒರಟು ಗೆರೆಗಳು, ಒಂದರ ಪಕ್ಕ ಒಂದು, ಕುಂಟೆ ಹೊಡೆದ ಸಾಲಿನಂತೆ. ಬೆರಳಾಡಿಸಿದೆ. ಗರಸು ಮಣ್ಣಿನಂತೆ ಕೈಗೆ ಹತ್ತಿತು. ಬೆನ್ನು, ಎದೆ, ಬಲಭಾಗ ಎಲ್ಲ ನುಣ್ಣಗಿತ್ತು.

"ಬೀರಪ್ಪನ ಬರಿರಿ," ಎಂದ ಅವನು ನೆಲ ನೋಡುತ್ತ. "ದೇವರು ಚಾಬೂಕಲೆ ಹೊಡದಿದ್ದು. ಹುಟ್ಟತ್ಲೇ ತಂದೀನಿ. ಯಾರಿಗೂ ತೋರಸಬಾರದು, ತೋರಸಿದ್ರ ವಂಶ ಉಳಿಯೂದಿಲ್ಲ ಅಂತ ಅವ್ವ ಆಣಿ ಹಾಕ್ಯಾಳ. ಜಳಕಾನೂ ಬನಿಯನ್ ಹಾಕ್ಕೊಂಡ ಮಾಡ್ತೇನಿ."

"ದೇವರ ಹೆಸರ ಕೆಡಿಸಬ್ಯಾಡ್ರಿ. ದೇವರಿಗಿ ಬ್ಯಾರೆ ಕೆಲಸ ಇಲ್ಲೇನು, ಕೂಸುಗಳನ್ನ ಹೊಡಕೋತ ಕುಂದರಾಕ?" ಎಂದೆ. "ನೀ ನಿನ್ನವ್ವನ ಹೊಟ್ಟ್ಯಾಗ ಇನ್ನೂ ಬಟಾಣಿಯಷ್ಟು ಇದ್ದಾಗ ಒಂದ ಕೋಶದಾಗ ತಪ್ಪಾಗೈತಿ. ಆ ಒಂದರಿಂದ ಬೆಳದ ಚರ್ಮ ಅಷ್ಟ ಹಿಂಗ ಆಗೈತಿ, ಉಳಿದದ್ದೆಲ್ಲಾ ಛಲೋ ಐತಿ. ನಿನ್ನವ್ವಂದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ. ಆದ್ರ ಆ ತಪ್ಪು ನಿನ್ನ ಬೀಜಕ್ಕೂ ಹೋಗಿದ್ರ, ಹುಟ್ಟೂ ಕೂಸಿಗಿ ಗೆರಿ ಗೆರಿ ಬರೂದಿಲ್ಲ. ಮೈತುಂಬಾ ಬರತೈತಿ."

"ಇದರಾಗಿಂದ ಒಂದ ತುಣುಕ ತಗದ ನೋಡಿದ್ರ?" ಮಹಾಂತೇಶ ಮುಂದೆ ಬಂದ. ಚುರುಕು ಹುಡುಗ, ನಾನು ಒಪ್ಪುತ್ತೇನೆ.

"ಕೂಸಿನ ಸ್ಲೈಡಿನ್ಯಾಗ ಕಂಡದ್ದ ಇಲ್ಲೂ ಕಾಣಬೇಕು. ಅದ ಗಂಟು, ಅದ ಉಬ್ಬು. ಕಂಡ್ರ ಯಾವ ವಕೀಲನೂ ಬಾಯಿ ತಗಿಯೂದಿಲ್ಲ. ನಾಳೆ ಹೇಳತೇನಿ. ಇವತ್ತು ನಾ ಕಣ್ಣಾರೆ ಕಂಡದ್ದನ್ನ ಬರದು ಸಹಿ ಮಾಡಿ ಕೊಡತೇನಿ, ಕೋರ್ಟಿಗಿ ಒಯ್ಯಿ. ಆಕಿ ಸುಟ್ಟಿಲ್ಲ."

"ತಗೋರಿ," ಎಂದ ಕಾಳಪ್ಪ. ಕೇಳುವ ಮೊದಲೇ ಬೆಂಚಿನ ಮೇಲೆ ಬಲಮಗ್ಗುಲಾಗಿ ಮಲಗಿದ, ಗೋಡೆಗೆ ಮುಖ ಮಾಡಿ.

ಮಹಾಂತೇಶ ಆಗಲೇ ಫೋನು ತೆಗೆದಿದ್ದ. ಆಶ್ರಮದವರಿಗೆ ಹಚ್ಚಿ, ಕೂಸನ್ನು ಕರೆದುಕೊಂಡು ಕೋರ್ಟಿಗೆ ಬನ್ನಿ ಎನ್ನುತ್ತಿದ್ದ. ಲಗಮವ್ವ ಎದ್ದು ನಿಂತಿದ್ದಳು. "ಹಾಲು ಕುಡದಾನೇನು ಕೇಳ್ರಿ," ಎಂದಳು ಅವನಿಗೆ. "ಅಳಾಕತ್ತಾನೇನು ಕೇಳ್ರಿ. ಮೈಗೆ ಎಣ್ಣಿ ಹಚ್ಚಿ ಅಂತ ಹೇಳ್ರಿ, ಗಟ್ಟಿ ತಿಕ್ಕಬ್ಯಾಡ್ರಿ ಅನ್ರಿ." ಅವಳ ಮಾತಿಗೆ ಈಗ ಒಡ್ಡು ಒಡೆದಿತ್ತು. ನನಗೂ ಕಣ್ಣು ಮಂಜಾಯಿತು.

ಚರ್ಮ ಮರಗಟ್ಟಿಸುವ ಸೂಜಿ ಕೊಟ್ಟೆ. ಅವನು ಸೆಟೆಯಲಿಲ್ಲ. ಒರಟು ಗೆರೆಯ ಮೇಲೆ ಪಂಚಿನ ಗುಂಡು ಅಲಗು ಇಟ್ಟು ತಿರುವಿದೆ. ಕಡಲೆಕಾಳಿಗಿಂತ ಸಣ್ಣ ತುಣುಕು ಬಂತು. ಬಾಟಲಿಗೆ ಹಾಕಿದೆ. ಹೆಸರನ್ನು ಪೂರ್ತಿ ಬರೆದೆ, ತಂದೆಯ ಹೆಸರು, ಊರು, ಎಲ್ಲ.

"ಡಾಕ್ಟರಬಾಯಾರ," ಎಂದ ಗೋಡೆಯ ಕಡೆಗೆ. "ಇದು ಒಂದ ಕೂಸಿಗಿ ಅಷ್ಟ ಬರೂದೇನ್ರಿ?"

"ಹಂಗೇನಿಲ್ಲ. ನಿನಗ ಹುಟ್ಟೂ ಯಾವ ಕೂಸಿಗಾದ್ರೂ ಬರಬಹುದು. ಬರದನೂ ಇರಬಹುದು."

"ಮೊದಲ ಹುಟ್ಟಿದ್ದಕ್ಕೂ ಬಂದಿರಬಹುದೇನ್ರಿ?"

ನಾನು ಹತ್ತಿ ಒತ್ತುತ್ತಿದ್ದೆ. ಒತ್ತಿದ ಕೈ ಅಲ್ಲೇ ನಿಂತಿತು. "ನಿನಗ ಇದು ಮೊದಲನೇ ಮಗ ಅಲ್ಲೇನು?"

"ಕಾಳ್ಯಾ!" ಸಾವಿತ್ರೆವ್ವ ಕೂಗಿದಳು. ಪೇದೆ ಅವಳ ರಟ್ಟೆ ಹಿಡಿದಳು.

"ಒಂದ ಹೆಣ್ಣಿತ್ರಿ. ಅದಕ್ಕೂ ಉಡದಾರದ ಕೆಳಗ ಹಿಂಗ ಎದ್ದಿತ್ತು. ನಾ ಸಂತಿಯಿಂದ ಬರೂದರಾಗ ಜೀವ ಹೋಗಿತ್ತು." ಅವನ ಬೆನ್ನು ಮೇಲೆ ಕೆಳಗೆ ಆಡುತ್ತಿತ್ತು. "ಅಂಜನಾ ಭಾಳ ಅತ್ತಳರಿ. ನಾ ಏನೂ ಹಾಕಿಲ್ಲ, ನಾ ಮುಟ್ಟಿಲ್ಲ ಅಂತ ನನ್ನ ಕಾಲ ಹಿಡದಳು. ಸುಳ್ಳ ಹೇಳ್ತಾಳ ಅಂದ್ಲು ಅವ್ವ. ನಾ ನಂಬಿದೆ. ಅವ್ವಗ ಗೊತ್ತಿದ್ದೂ ಹಂಗ ಅಂದಾಳಂತ ನನಗೇನ ಗೊತ್ತ್ರಿ?"

"ಅಂಜನಾ ಯಾರು?" ಮಹಾಂತೇಶ ಕೇಳಿದ. ಫೋನು ಅವನ ಕೈಯಲ್ಲೇ ಇತ್ತು. ಆ ಕಡೆಯವರು ಹಲೋ ಹಲೋ ಎನ್ನುತ್ತಿದ್ದರು.

ಉತ್ತರ ಕೊಟ್ಟವಳು ಲಗಮವ್ವ. "ಮೊದಲನೇ ಹೇಣ್ತಿರಿ. ಕೂಸು ಸತ್ತ ಮ್ಯಾಲೆ ಬಾದಾಮಿಗಿ ತವರಮನಿಗಿ ಹೋದಾಕಿ ತಿರುಗಿ ಬರಲಿಲ್ಲಂತ. ನನ್ನ ನೋಡಾಕ ಬಂದಾಗ ಹಂಗ ಹೇಳಿದ್ರು."

ಕಾಳಪ್ಪ ಎದ್ದು ಕೂತ. ಹತ್ತಿ ಬಿದ್ದುಹೋಗಿ ಪಕ್ಕೆಯಿಂದ ರಕ್ತ ಜಿನುಗುತ್ತಿತ್ತು. ಒರೆಸಿಕೊಳ್ಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನೋಡುತ್ತ ಕೂತ.

"ಆಕಿ ಬಾದಾಮಿಗಿ ಹೋಗಿಲ್ರಿ," ಎಂದ. "ಮನಿ ಬಿಟ್ಟು ಎಲ್ಲೂ ಹೋಗಿಲ್ಲ. ಮಣ್ಣಾಗ ಅದಾಳ."

ಸಾವಿತ್ರೆವ್ವ ಕೂಗುವುದನ್ನು ನಿಲ್ಲಿಸಿದಳು. ಮಹಾಂತೇಶ ಫೋನನ್ನು ಆರಿಸಿ, ಮೇಜಿನ ಮೇಲೆ ಬೋರಲು ಇಟ್ಟ.

ಲಗಮವ್ವ ಇನ್ನೂ ನಿಂತೇ ಇದ್ದಳು. ಎದೆಯ ಮೇಲಿನ ಸೆರಗು ಕೈಯಿಂದ ಜಾರಿತ್ತು, ಅವಳಿಗೆ ಗೊತ್ತಾಗಲಿಲ್ಲ.

"ಯಾವ ಮನಿ?" ಎಂದು ಗಂಡನನ್ನು ಕೇಳಿದಳು. "ನಾವಿರೂ ಮನಿನ?"